ರೀಲಿಗೆ ಯಾವ ಕೀಲೆಣ್ಣೆ?



ಮೈಕಿನ ಮುಂದೆ ಎರಡು ಹಾಡುಗಳ ನಡುವೆ ಹೇಳಿ ಮುಗಿಸಲಾಗದ ಮಾತುಗಳನ್ನು ಈ ಪುಟಕ್ಕೆ ತರುವುದು ನಮ್ಮ ರೂಢಿ. ಈ ಸಲದ ಮಾತು ಗಾಳದ ರೀಲಿನದು. ಸಮುದ್ರವೇ ಇಲ್ಲದ ನಾಗಪುರದಲ್ಲಿ ಇದೆಂಥ ವಿಷಯ ಎಂದು ನಗಬೇಡಿ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದವರು ರಜೆಗೆ ಊರಿಗೆ ಹೋದಾಗ ಗಾಳ ಹಾಕದೆ ಬರುವುದುಂಟೆ?

ಮನೀಶ್ ನಗರದ ನಮ್ಮ ಮನೆಯ ಅಟ್ಟದಲ್ಲೂ ಒಂದು ರೀಲ್ ಇದೆ. ಕುಂದಾಪುರದ ದೊಡ್ಡಪ್ಪ ಕೊಟ್ಟದ್ದು. ಪಂಚಗಂಗಾವಳಿಯ ಅಳಿವೆಯಲ್ಲಿ ಅವರು ವರ್ಷಗಟ್ಟಲೆ ಕೆಂಬೇರಿ ಹಿಡಿದದ್ದು ಇದರಲ್ಲೇ. ಮಂಡಿನೋವು ಬಂದು ಬಂಡೆ ಹತ್ತಲಾಗದಾದಾಗ "ನೀನಾದ್ರೂ ಇಟ್ಕೋ, ಹಾಳ್ ಮಾಡ್ಬೇಡ" ಎಂದು ಕೈಗಿಟ್ಟಿದ್ದರು.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೊರಡುವ ಹಿಂದಿನ ರಾತ್ರಿ ಅದನ್ನು ಇಳಿಸಿ ಹಿಡಿಕೆ ತಿರುಗಿಸಿದರೆ ಅಲುಗಲೇ ಇಲ್ಲ. ಪಕ್ಕದ ಮುಚ್ಚಳ ಬಿಚ್ಚಿ ನೋಡಿದೆ. ಒಳಗೆಲ್ಲ ಮೇಣದ ಹಾಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಬೇಸಿಗೆಯಲ್ಲಿ ನಾನೇ ಧಾರಾಳವಾಗಿ ಸುರಿದಿದ್ದ ಕೊಬ್ಬರಿ ಎಣ್ಣೆ! ಫೋನಿನಲ್ಲಿ ದೊಡ್ಡಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಲೆಗೆ ಹಾಕುದನ್ನ ರೀಲಿಗೆ ಹಾಕಿದ್ಯಾ ಮಾರಾಯಾ?" ಎಂದರು.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಕುಂದಾಪುರದ ಸೆಖೆಯಲ್ಲಿ ಅದು ಹೆಚ್ಚಾಗಿ ನೀರಾಗಿಯೇ ಇರುತ್ತದೆ. ನಾಗಪುರದ ಚಳಿಗಾಲದ ರಾತ್ರಿಯಲ್ಲಿ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವಾಗ ಕಲ್ಲಾಗುತ್ತದೆ. ಹಾಗಾದರೆ ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಾಕಬಹುದೆ? ಅವೂ ಬೇಡ. ಗಾಳಿಯ ಆಮ್ಲಜನಕದೊಡನೆ ಸೇರಿ ಇವು ಕ್ರಮೇಣ ಅಂಟಾಗುತ್ತವೆ. ಒಗ್ಗರಣೆ ಬಾಣಲೆಯ ಹೊರಮೈಯಲ್ಲಿ ಕೂರುವ ಕಂದು ಜಿಡ್ಡನ್ನು ನೆನೆಸಿಕೊಳ್ಳಿ. ಅದೇ ಜಿಡ್ಡು ಅಕ್ಕಿಕಾಳಿನಷ್ಟು ಚಿಕ್ಕ ಗುಂಡುಗಳ ನಡುವೆ ಕೂತರೆ ಬೇರಿಂಗ್ ತಿರುಗುವುದು ಹೇಗೆ? ಹಿಂದೆ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಬೆರೆಸಿದ ಕೀಲೆಣ್ಣೆ ಹಾಕುತ್ತಿದ್ದರು, ನಿಜ. ಆದರೆ ಗಾಡಿಯ ಅಚ್ಚು ದಪ್ಪ, ಕೆಲಸ ಒರಟು. ಹಾಕಿದ ಎಣ್ಣೆಯನ್ನು ಒರೆಸಿ ಮತ್ತೆ ಮತ್ತೆ ಹಾಕಲೂ ಬರುತ್ತಿತ್ತು.

ರೀಲಿಗೆ ಬೇಕಾದ್ದು ಎರಡು ಬಗೆಯ ಜಿಡ್ಡು ಎಂಬುದನ್ನು ಮೊದಲು ನೆನಪಿಡಿ. ವೇಗವಾಗಿ, ಹಗುರವಾಗಿ ತಿರುಗುವ ಭಾಗಗಳಿಗೆ ತೆಳು ಎಣ್ಣೆ. ಭಾರ ಹೊತ್ತು ಒಂದಕ್ಕೊಂದು ಉಜ್ಜುವ ಭಾಗಗಳಿಗೆ ಗ್ರೀಸು. ಅದಲು ಬದಲಾದರೆ ತೊಂದರೆ. ಬೇರಿಂಗಿಗೆ ಗ್ರೀಸು ತುಂಬಿದರೆ ಗಾಳ ದೂರ ಬೀಳುವುದಿಲ್ಲ. ಹಲ್ಲುಚಕ್ರಕ್ಕೆ ಬರೀ ಎಣ್ಣೆ ಬಿಟ್ಟರೆ ಅದು ಹರಿದುಹೋಗಿ ಲೋಹಕ್ಕೆ ಲೋಹ ತಾಗಿ ಸವೆಯುತ್ತದೆ.

ತೆಳು ಎಣ್ಣೆ ಎಂದರೆ ರೀಲಿನ ಕಂಪನಿಯವರೇ ಮಾರುವ ಪುಟ್ಟ ಬಾಟಲಿ ಉತ್ತಮ. ಅದು ಸಿಗದಿದ್ದರೆ ಹೊಲಿಗೆ ಮಿಷನ್ನಿನ ಎಣ್ಣೆ ಸಾಕು. ಅದು ತಿಳಿಯಾದ ಖನಿಜ ತೈಲ, ಬೇಗ ಅಂಟಾಗುವುದಿಲ್ಲ, ನಮ್ಮ ಚಳಿಗೆ ಹೆಪ್ಪುಗಟ್ಟುವುದೂ ಇಲ್ಲ. ಹಿಡಿಕೆಯ ಗುಬುಟಿಗೆ, ದಾರ ಹಾದುಹೋಗುವ ಸಣ್ಣ ಉರುಳೆಗೆ, ಬೇರಿಂಗುಗಳಿಗೆ ಒಂದೊಂದೇ ಹನಿ. ಹೆಚ್ಚು ಹಾಕಿದರೆ ಮರಳು, ಧೂಳು ಹಿಡಿಯುತ್ತದೆ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಒಳಗಿನ ಉರುಳೆ ಬೇರಿಂಗಿಗೆ ಗ್ರೀಸು ತಾಗಿಸಲೇಬೇಡಿ. ಗ್ರೀಸು ಹತ್ತಿದರೆ ಅದು ಜಾರಿ, ಮೀನು ಎಳೆದಾಗ ಹಿಡಿಕೆ ಗಿರ್ರನೆ ಹಿಂದಕ್ಕೆ ತಿರುಗಿ ಬೆರಳಿಗೆ ಬಡಿಯಬಹುದು.

ಹಲ್ಲುಚಕ್ರಗಳಿಗೆ ರೀಲಿನ ಗ್ರೀಸು ಅಥವಾ ನೀರಿಗೆ ಕೊಚ್ಚಿಹೋಗದ ಮೆರೀನ್ ಗ್ರೀಸು ಹಾಕಿ. ಹಲ್ಲುಗಳ ಮೇಲೆ ತೆಳುವಾಗಿ ಹಳೆಯ ಬ್ರಷ್ಷಿನಲ್ಲಿ ಸವರಿದರೆ ಸಾಕು, ಡಬ್ಬಿಯಂತೆ ತುಂಬುವುದು ಬೇಡ. ಬೈಕಿನ 20ಡಬ್ಲ್ಯೂ-40 ಎಂಜಿನ್ ಆಯಿಲ್ ಮನೆಯಲ್ಲಿ ಉಳಿದಿದೆ ಎಂದು ಬಳಸಬೇಡಿ. ಚಿಕ್ಕ ಬೇರಿಂಗಿಗೆ ಅದು ದಪ್ಪ, ಹಲ್ಲುಚಕ್ರದ ಮೇಲೆ ನಿಲ್ಲಲು ತೀರ ತೆಳು.

ಡಬ್ಲ್ಯೂಡಿ-40 ಸ್ಪ್ರೇ ಬಗ್ಗೆ ಹಲವರು ಕೇಳುತ್ತಾರೆ. ಅಮೆರಿಕದಲ್ಲಿ 1953ರಲ್ಲಿ ತಯಾರಾದ ಇದರ ಹೆಸರಿನಲ್ಲೇ ಅರ್ಥವಿದೆ: ನೀರನ್ನು ಹೊರದೂಡುವ ದ್ರವ, ನಲವತ್ತನೆಯ ಪ್ರಯತ್ನದಲ್ಲಿ ಸಿದ್ಧಿಸಿದ್ದು. ಬಿಗಿದ ತಿರುಪು ಸಡಿಲಿಸಲು, ಒದ್ದೆ ಓಡಿಸಲು ಒಳ್ಳೆಯದು. ಆದರೆ ಅದರ ಬಹುಪಾಲು ಆರಿಹೋಗುತ್ತದೆ. ಹಳೆಯ ಗ್ರೀಸನ್ನೂ ಕರಗಿಸಿಬಿಡುತ್ತದೆ. ಅದನ್ನು ಹೊಡೆದು 'ಎಣ್ಣೆ ಹಾಕಿದೆ' ಎಂದು ನಿಶ್ಚಿಂತೆಯಾಗಿ ಕೂರಬೇಡಿ.

ಇನ್ನು ಡ್ರ್ಯಾಗ್. ದೊಡ್ಡ ಮೀನು ಓಡಿದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ಬಿಲ್ಲೆಗಳ ಜೋಡಣೆ ಇದು. ಮೀನಿನ ಬಲ ಎಷ್ಟಿರಬಹುದು? 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡೆ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಮಶೀರ್ ಮೀನು 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ. ಕಾವೇರಿ ಹೊಳೆಯ ಆ ಡುಬ್ಬದ ಮಶೀರ್ ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದು ಐಯುಸಿಎನ್‌ನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅಂಥ ಮೀನನ್ನು ಜಗ್ಗಿ ನಿಲ್ಲಿಸಲಾಗದು, ಓಡಲು ಬಿಟ್ಟು ದಣಿಸಬೇಕು. ಡ್ರ್ಯಾಗ್ ಕಚ್ಚಿಕೊಂಡರೆ ದಾರ ತುಂಡಾಗಿ, ಮೀನು ಬಾಯಲ್ಲಿ ಗಾಳ ಹೊತ್ತು ನೀರಿನಡಿ ನರಳುತ್ತದೆ. ನಷ್ಟ ನಮ್ಮದು ಮಾತ್ರ ಅಲ್ಲ.

ಡ್ರ್ಯಾಗ್ ಎಂದರೆ ಬ್ರೇಕು. ಸೈಕಲ್ಲಿನ ಬ್ರೇಕಿಗೆ ಯಾರಾದರೂ ಎಣ್ಣೆ ಬಿಡುತ್ತಾರೆಯೇ? ಕೆಲವು ರೀಲುಗಳ ಬಿಲ್ಲೆ ಒಣಗಿಯೇ ಇರಬೇಕು, ಇನ್ನು ಕೆಲವಕ್ಕೆ ಡ್ರ್ಯಾಗ್‌ಗೆಂದೇ ಮಾಡಿದ ಗ್ರೀಸು ತೆಳುವಾಗಿ ಬೇಕು. ನಿಮ್ಮದು ಯಾವ ಬಗೆ ಎಂದು ರೀಲಿನ ಜೊತೆ ಬಂದ ಕೈಪಿಡಿ ನೋಡಿಕೊಳ್ಳಿ. ಬೇರೆ ಎಣ್ಣೆ ಸೋಕಿಸಬೇಡಿ.

ಎಷ್ಟೇ ಒಳ್ಳೆಯ ಎಣ್ಣೆ ಹಾಕಿದರೂ ಉಪ್ಪು ಒಳಗೆ ಉಳಿದರೆ ವ್ಯರ್ಥ. ಅಳಿವೆಯಿಂದ, ಕಡಲಿಂದ ಬಂದ ದಿನವೇ ಡ್ರ್ಯಾಗ್ ಬಿಗಿಮಾಡಿ, ಸಿಹಿನೀರನ್ನು ಮೇಲಿಂದ ನಿಧಾನವಾಗಿ ಹೊಯ್ದು ತೊಳೆಯಿರಿ. ಪೈಪಿನಿಂದ ರಭಸವಾಗಿ ಬಿಟ್ಟರೆ ಉಪ್ಪು ಒಳಗೇ ನುಗ್ಗುತ್ತದೆ. ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಿ, ಆಮೇಲೆ ಎಣ್ಣೆ. ಎತ್ತಿಡುವಾಗ ಡ್ರ್ಯಾಗ್ ಸಡಿಲ ಮಾಡಿ, ಇಲ್ಲದಿದ್ದರೆ ಬಿಲ್ಲೆಗಳು ಒತ್ತಿಕೊಂಡು ಅಂಟುತ್ತವೆ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ತಾರಸಿಯ ಕೆಳಗಿನ ಅಟ್ಟ, ಕಾರಿನ ಡಿಕ್ಕಿ ಎರಡೂ ರೀಲಿಗೆ ತಕ್ಕ ಜಾಗವಲ್ಲ. ಕಾವಿಗೆ ಗ್ರೀಸಿನಿಂದ ಎಣ್ಣೆ ಬಸಿದು ಉಳಿದದ್ದು ಗಟ್ಟಿಯಾಗುತ್ತದೆ. ಬೀರುವಿನ ಕೆಳಗಿನ ಖಾನೆ ಒಳ್ಳೆಯದು.

ನನ್ನ ರೀಲಿನ ಕತೆ ಏನಾಯಿತು ಅಂದಿರಾ? ಡ್ರ್ಯಾಗ್ ಬಿಲ್ಲೆ, ಪ್ಲಾಸ್ಟಿಕ್ ಭಾಗಗಳನ್ನು ತೆಗೆದಿಟ್ಟು, ಲೋಹದ ಭಾಗಗಳನ್ನಷ್ಟೇ ಒಲೆಯಿಂದ ದೂರ ಬಾಲ್ಕನಿಯಲ್ಲಿ ಕೂತು ಸೀಮೆಎಣ್ಣೆಯಲ್ಲಿ ತೊಳೆದೆ. ಕೊಬ್ಬರಿ ಎಣ್ಣೆ ಹೋಯಿತು. ಅದರಡಿ ಒಂದು ಬೇರಿಂಗ್ ತುಕ್ಕು ಹಿಡಿದಿತ್ತು. ಹಿಂದಿನ ರಜೆಯಲ್ಲಿ ಉಪ್ಪುನೀರು ತೊಳೆಯದೆ ಎತ್ತಿಟ್ಟ ನನ್ನ ಸೋಮಾರಿತನದ ಫಲ. ಬೇರಿಂಗ್ ಬದಲಾಯಿಸಿ, ಹೊಲಿಗೆ ಮಿಷನ್ನಿನ ಎಣ್ಣೆ, ಗ್ರೀಸು ಹಾಕಿ ಊರಿಗೆ ಒಯ್ದೆ.

ದೊಡ್ಡಪ್ಪ ಜಗಲಿಯಲ್ಲಿ ಕೂತು ರೀಲನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿದರು. "ಹ್ಞಾಂ, ಈಗ ಅಡ್ಡಿಲ್ಲೆ" ಎಂದರು. ನೀವೂ ಹಾಗೇ ಪರೀಕ್ಷಿಸಿ. ಕರಕರ ಎಂದರೆ ಮರಳೋ ತುಕ್ಕೋ ಇದೆ, ಬಿಚ್ಚಿ ತೊಳೆಯಬೇಕು. ಕೀಚ್ ಎಂದರೆ ಎಣ್ಣೆ ಆರಿದೆ, ಒಂದು ಹನಿ ಬೇಕು. ಸದ್ದೇ ಇಲ್ಲದಿದ್ದರೆ ಸುಮ್ಮನೆ ಬಿಚ್ಚುವ ಉಸಾಬರಿ ಬೇಡ.

ನಿಮ್ಮ ಅಟ್ಟದ ಮೇಲಿನ ರೀಲಿನ ಕತೆಯನ್ನೂ ಬರೆದು ಕಳಿಸಿ. ಮತ್ತೆ ಮೈಕಿನ ಮುಂದೆ ಸಿಗೋಣ.