ಸಂಶೋಧನೆಗೆ ಪರವಾನಗಿ

ಪ್ರಯೋಗಶಾಲೆಯ ಶೋಧವು ಜನರನ್ನು ಮುಟ್ಟಬೇಕಾದರೆ ಕಾರ್ಖಾನೆಯ ನೆರವು ಬೇಕು. ಅದಕ್ಕಾಗಿ ವಿಶ್ವವಿದ್ಯಾನಿಲಯಗಳು ಪೇಟೆಂಟನ್ನು ಮಾರದೆ, ಅದನ್ನು ಬಳಸುವ ಪರವಾನಗಿಯನ್ನು ಮಾತ್ರ ಶುಲ್ಕ ಪಡೆದು ಕೊಡುವುದುಂಟು.

ಆಹಾರದ ಮೇಲೆ ಅತಿನೇರಿಳೆ ಕಿರಣಗಳನ್ನು ಬೀಳಿಸಿದರೆ, ಮಕ್ಕಳ ಎಲುಬನ್ನು ಬಾಗಿಸುವ ರಿಕೆಟ್ಸ್ ರೋಗವನ್ನು ತಡೆಯುವ ಗುಣ ಅದಕ್ಕೆ ಬರುವುದೆಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಸ್ಟೀನ್‌ಬಾಕ್ 1924ರಲ್ಲಿ ತೋರಿಸಿದನು. ಆ ಗುಣ ಡಿ ಜೀವಸತ್ತ್ವದ್ದು. ಇದರ ಪೇಟೆಂಟ್ ಹಕ್ಕನ್ನು ನೋಡಿಕೊಳ್ಳಲು 1925ರಲ್ಲಿ ಪ್ರತಿಷ್ಠಾನವೊಂದು ಹುಟ್ಟಿತು. ಕಂಪೆನಿಗಳು ತೆತ್ತ ಶುಲ್ಕವು ವಿಶ್ವವಿದ್ಯಾನಿಲಯದ ಸಂಶೋಧನೆಗೇ ಸಂದಿತು.

ಆದರೆ ವಿಸ್ಕಾನ್ಸಿನ್ ಹೈನುಗಾರಿಕೆಯ ನಾಡು. ಬಡವರು ಬೆಣ್ಣೆಯ ಬದಲು ಉಣ್ಣುತ್ತಿದ್ದ ಮಾರ್ಗರೀನಿಗೆ ಪ್ರತಿಷ್ಠಾನವು ಪರವಾನಗಿ ಕೊಡಲಿಲ್ಲ. ನ್ಯಾಯಾಲಯವು ಇದನ್ನು ಎತ್ತಿ ಹೇಳಿತು. 1945ರಲ್ಲಿ ಆ ಪೇಟೆಂಟುಗಳು ಅಸಿಂಧುವಾದವು.

ಪರವಾನಗಿಯ ನಿಬಂಧನೆಗಳನ್ನು ಬರೆಯುವಾಗಲೇ, ಅದರಿಂದ ಯಾರು ಹೊರಗುಳಿಯುವರೆಂಬುದನ್ನೂ ಯೋಚಿಸಬೇಕಾಗುತ್ತದೆ.