ಮಕ್ಕಳಲ್ಲಿ ಸೂಜಿಹುಳುವಿನ ಬಾಧೆ: ಗುರುತಿಸುವ ಬಗೆ ಮತ್ತು ಹರಡುವ ರೀತಿ



ಊರಿನ ಮನೆಮನೆಗೂ ಶೌಚಾಲಯವಾಗಿದೆ. ಮಕ್ಕಳಿಗೆ ಜಂತುಹುಳು ನಿವಾರಣಾ ಮಾತ್ರೆಯನ್ನೂ ತಪ್ಪದೆ ನೀಡಲಾಗುತ್ತಿದೆ. ಆದರೂ ಅಂಗನವಾಡಿಯ ಮಕ್ಕಳಿಗೆ ಹುಳುವಿನ ಕಾಟ ತಪ್ಪಿಲ್ಲವೇಕೆ? ಅನೇಕ ವೇಳೆ ಇದಕ್ಕೆ ಕಾರಣ ಸೂಜಿಹುಳು. ದಾರಹುಳು ಎಂದೂ ಇದನ್ನು ಕರೆಯುವುದುಂಟು. ವೈದ್ಯರು ಪಿನ್‌ವರ್ಮ್ ಎನ್ನುತ್ತಾರೆ. ದುಂಡುಹುಳು, ಚಾಟಿಹುಳುಗಳ ಮೊಟ್ಟೆಗಳು ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆಯೇ ಸೋಂಕು ತರಬಲ್ಲವು. ಕೊಕ್ಕೆಹುಳುವಿನ ಮರಿಯು ಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕ ದೇಹವನ್ನು ಸೇರುತ್ತದೆ. ಸೂಜಿಹುಳುವಿಗೆ ಮಾತ್ರ ಮಣ್ಣಿನ ಹಂಗಿಲ್ಲ. ಅದು ಕೈಯಿಂದ ಬಾಯಿಗೆ ಸಾಗುವ ಹುಳು. ಆದಕಾರಣ ಶೌಚಾಲಯ ಮತ್ತು ಪಾದರಕ್ಷೆಗಳಿಂದಷ್ಟೇ ಅದನ್ನು ತಡೆಯಲಾಗದು.

ಹೆಣ್ಣುಹುಳು 8ರಿಂದ 13 ಮಿ.ಮೀ. ಉದ್ದವಿದ್ದು, ಬಿಳಿಯ ಹೊಲಿಗೆ ದಾರದ ಸಣ್ಣ ತುಂಡಿನಂತೆ ಕಾಣುತ್ತದೆ. ದಾರಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇದು ಹೊರಳಾಡುತ್ತದೆ. ಬಾಲದ ತುದಿ ಗುಂಡುಸೂಜಿಯ ಮೊನೆಯಂತೆ ಚೂಪಾಗಿರುವುದರಿಂದ ಈ ಹೆಸರು ಬಂದಿದೆ. ಗಂಡುಹುಳು 5 ಮಿ.ಮೀ. ಮೀರದು, ಅದು ಕಣ್ಣಿಗೆ ಬೀಳುವುದೇ ಅಪರೂಪ. ಮೊಟ್ಟೆಯಂತೂ ಬರಿಗಣ್ಣಿಗೆ ಕಾಣುವುದೇ ಇಲ್ಲ.

ಈ ಹುಳುಗಳು ದೊಡ್ಡಕರುಳಿನ ಆರಂಭದ ಭಾಗದಲ್ಲಿ ವಾಸಿಸುತ್ತವೆ. ರಾತ್ರಿ ಮಗು ಮಲಗಿದ ಬಳಿಕ ಹೆಣ್ಣುಹುಳು ಗುದದ್ವಾರದಿಂದ ಹೊರಬಂದು, ಸುತ್ತಲಿನ ಚರ್ಮದ ಮೇಲೆ ಸುಮಾರು 10,000 ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಅಲ್ಲಿ ವಿಪರೀತ ತುರಿಕೆ ಹುಟ್ಟುತ್ತದೆ. ಮಗು ನಿದ್ದೆಗಣ್ಣಿನಲ್ಲಿಯೇ ಕೆರೆದುಕೊಳ್ಳುತ್ತದೆ, ಮೊಟ್ಟೆಗಳು ಉಗುರಿನ ಸಂದಿಯನ್ನು ಸೇರುತ್ತವೆ, ಬೆಳಿಗ್ಗೆ ಬೆರಳು ಬಾಯಿಗೆ ಹೋಗುತ್ತದೆ. ತುರಿಕೆಯೇ ಈ ಹುಳುವಿನ ವಾಹನವೆಂದರೂ ಸಲ್ಲುತ್ತದೆ. ಮೊಟ್ಟೆಗಳು 4ರಿಂದ 6 ಗಂಟೆಗಳಲ್ಲಿಯೇ ಸೋಂಕು ತರುವಷ್ಟು ಬಲಿಯುತ್ತವೆ. ಹಾಸಿಗೆ, ಬಟ್ಟೆ, ಆಟಿಕೆಗಳ ಮೇಲೆ ಎರಡು ಮೂರು ವಾರ ಜೀವಂತವಾಗಿರಬಲ್ಲವು. ನುಂಗಿದ ಮೊಟ್ಟೆಯಿಂದ ಹೊರಬಂದ ಹುಳು ಸುಮಾರು ಒಂದು ತಿಂಗಳಲ್ಲಿ ತಾನೇ ಮೊಟ್ಟೆಯಿಡತೊಡಗುತ್ತದೆ. ಒಂದೇ ಚಾಪೆಯ ಮೇಲೆ ಮಲಗುವ ಅಣ್ಣತಮ್ಮಂದಿರಿಗೂ ಮಗುವಿನ ಬಟ್ಟೆ ಒಗೆಯುವ ತಾಯಿಗೂ ಸೋಂಕು ತಗಲುವುದು ಹೀಗೆಯೇ.

ಸಿಹಿ ತಿಂದರೆ ಹುಳುವಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೆಲ್ಲಕ್ಕೂ ಈ ಹುಳುವಿಗೂ ಸಂಬಂಧವಿಲ್ಲ. ನಾಯಿ, ಬೆಕ್ಕುಗಳಿಂದಲೂ ಇದು ಬರುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಹರಡುತ್ತದೆ.

ಮಲಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಹುಳುವಿಲ್ಲವೆಂದು ತೀರ್ಮಾನಿಸಲಾಗದು, ಏಕೆಂದರೆ ಮೊಟ್ಟೆಗಳಿರುವುದು ಮಲದಲ್ಲಲ್ಲ, ಚರ್ಮದ ಮೇಲೆ. ಮಗು ಮಲಗಿದ ಎರಡು ಮೂರು ಗಂಟೆಗಳ ನಂತರ ಟಾರ್ಚ್ ಬೆಳಕಿನಲ್ಲಿ ನೋಡಿದರೆ ಹುಳು ಕಾಣಸಿಗಬಹುದು. ಬೆಳಿಗ್ಗೆ ಶೌಚಕ್ಕೆ ಮುನ್ನ, ತೊಳೆಯುವುದಕ್ಕೂ ಮುನ್ನ, ಪಾರದರ್ಶಕ ಅಂಟುಪಟ್ಟಿಯನ್ನು ಆ ಭಾಗಕ್ಕೆ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ವೈದ್ಯರ ಕ್ರಮ. ಸತತ ಮೂರು ದಿನ ಹೀಗೆ ಮಾಡಿದರೆ ಫಲಿತಾಂಶ ಹೆಚ್ಚು ಖಚಿತವಾಗಿರುತ್ತದೆ. ಹೆಣ್ಣುಮಕ್ಕಳಲ್ಲಿ ಹುಳು ಜನನಾಂಗದ ಕಡೆಗೂ ಹರಿದು ಉರಿ, ತುರಿಕೆ ಉಂಟುಮಾಡಬಹುದು. ಈ ದೂರನ್ನು ಮನೆಯವರು ಸಂಕೋಚದಿಂದ ಮುಚ್ಚಿಡುವ ಸಾಧ್ಯತೆಯಿರುವುದರಿಂದ ಆಶಾ ಕಾರ್ಯಕರ್ತೆಯರು ತಾವಾಗಿಯೇ ವಿಚಾರಿಸುವುದು ಒಳ್ಳೆಯದು.

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದಲ್ಲಿ 1ರಿಂದ 19 ವರ್ಷದವರಿಗೆ ನೀಡುವ ಅಲ್ಬೆಂಡಜೋಲ್ ಮಾತ್ರೆಯು ಸೂಜಿಹುಳುವನ್ನೂ ಕೊಲ್ಲುತ್ತದೆ. ಆದರೆ ಆ ಕಾರ್ಯಕ್ರಮ ರೂಪುಗೊಂಡಿರುವುದು ಮಣ್ಣಿನಿಂದ ಹರಡುವ ಹುಳುಗಳ ನಿವಾರಣೆಗಾಗಿ. ಮಾತ್ರೆಗೆ ಹುಳು ಸಾಯುತ್ತದೆಯೇ ಹೊರತು ಹಾಸಿಗೆಯ ಮೇಲಿನ ಮೊಟ್ಟೆ ಸಾಯುವುದಿಲ್ಲ. ಆದ್ದರಿಂದ ಸೂಜಿಹುಳು ಕಂಡುಬಂದಲ್ಲಿ ಎರಡು ವಾರಗಳ ನಂತರ ಮತ್ತೊಂದು ಬಾರಿ ಔಷಧ ಅಗತ್ಯ, ಅದೂ ಸಾಮಾನ್ಯವಾಗಿ ಮನೆಯ ಎಲ್ಲರಿಗೂ ಒಟ್ಟಿಗೆ. ಗರ್ಭಿಣಿಯರಿಗೆ ಮತ್ತು ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಲಹೆಯಿಲ್ಲದೆ ಕೊಡಬಾರದು.

ಪಂಚಾಯಿತಿಯ ಹೊಣೆ ನೀರಿನಲ್ಲಿದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕುಡಿಯಲು ಮತ್ತು ಅಡುಗೆಗೆ ಮೀಸಲಾದಾಗ ಮೊದಲು ಕತ್ತರಿ ಬೀಳುವುದು ಕೈತೊಳೆಯುವ ನೀರಿಗೆ. ಅಂಗನವಾಡಿಯ ನಲ್ಲಿ ಮೂರು ವರ್ಷದ ಮಗುವಿನ ಕೈಗೆ ಎಟುಕುತ್ತದೆಯೇ, ಸಾಬೂನು ಅಲ್ಲಿಯೇ ಇದೆಯೇ ಅಥವಾ ಬೀರುವಿನಲ್ಲಿದೆಯೇ ಎಂಬುದನ್ನು ಸದಸ್ಯರು ಖುದ್ದಾಗಿ ನೋಡಿ ಬರುವುದು ಉಚಿತ. ಒಣ ಪೊರಕೆಯಿಂದ ಗುಡಿಸಿದರೆ ಮೊಟ್ಟೆಗಳು ಧೂಳಿನೊಡನೆ ಏಳುವುದರಿಂದ ಒದ್ದೆ ಬಟ್ಟೆಯಿಂದ ನೆಲ ಒರೆಸುವಂತೆ ಸೂಚಿಸಬೇಕು. ಉಗುರು ಕತ್ತರಿಸುವುದು, ಬೆಳಗಿನ ಸ್ನಾನ, ಒಳಉಡುಪು ಮತ್ತು ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು ಇವು ಮನೆಯವರ ಪಾಲಿನ ಕೆಲಸ.

ಸೋಂಕು ತಗಲಿದ ಮಗುವನ್ನು ಅಂಗನವಾಡಿಯಿಂದ ಹೊರಗಿಡುವ ಅಗತ್ಯವಿಲ್ಲ. ಶುಚಿಯಾದ ಮನೆಯ ಮಗುವಿಗೂ ಇದು ಬರುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ವಿಷಯವನ್ನು ಚರ್ಚಿಸುವಾಗ ಮಗುವಿನ ಅಥವಾ ಮನೆತನದ ಹೆಸರನ್ನು ಎತ್ತಬಾರದು; ಎರಡನೆಯ ಬಾರಿಯ ಔಷಧದ ದಿನಾಂಕವನ್ನು ಆಶಾ ಕಾರ್ಯಕರ್ತೆಯು ಆ ಮನೆಗೇ ಹೋಗಿ ನೆನಪಿಸಲಿ.