ಮುಖ ನೋಡುವುದೋ, ಅಕ್ಷರ ಓದುವುದೋ

ವಸಂತನಗರದ ತಿಮ್ಮಯ್ಯ ರಸ್ತೆಯ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಮಿಕ್ಕ ದಿನಗಳಲ್ಲಿ ಬರುವವರು ಫ್ರೆಂಚ್ ಕಲಿಯುವ ಹುಡುಗ ಹುಡುಗಿಯರು, ನಾಟಕ ಸಂಗೀತದ ಹುಚ್ಚಿನವರು. ಕ್ವಿಯರ್ ಚಿತ್ರೋತ್ಸವ ನಡೆಯುವಾಗ ಅದೇ ಅಂಗಳದ ಚಹರೆ ಬದಲಾಗಿರುತ್ತದೆ. ರೇಷ್ಮೆ ಸೀರೆಯುಟ್ಟು ಮೊಳ ಮಲ್ಲಿಗೆ ಮುಡಿದ ಮಂಗಳಮುಖಿಯರ ಗುಂಪೊಂದು ಮೆಟ್ಟಿಲ ಮೇಲೆ ಕೂತು ಬಿಸ್ಕತ್ತಿನ ಪೊಟ್ಟಣ ಹಂಚಿಕೊಳ್ಳುತ್ತಿರುತ್ತದೆ. ಕಂಪನಿಯ ಗುರುತಿನ ಚೀಟಿಯನ್ನು ಕೊರಳಿಂದ ತೆಗೆಯಲು ಮರೆತ ಇಬ್ಬರು ಹುಡುಗರು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಳ್ಳುವುದೋ ಬೇಡವೋ ಎಂದು ಇನ್ನೂ ತೀರ್ಮಾನ ಮಾಡಿಲ್ಲ. ತಲೆ ಬೋಳಿಸಿಕೊಂಡ ಹುಡುಗಿ ಯಾರದೋ ಅಮ್ಮನಿಗೆ ಕುರ್ಚಿ ತಂದುಕೊಡುತ್ತಾಳೆ. ಆ ಅಮ್ಮ ಯಾರ ತಾಯಿ, ಯಾವ ಮಗುವಿನ ಜೊತೆ ಬಂದವರು ಎಂದು ಯಾರೂ ಕೇಳುವುದಿಲ್ಲ. ಮೇಜಿನ ಮೇಲೆ ಒಂದು ಹುಂಡಿ. ಟಿಕೆಟ್ ಇಲ್ಲ. ಕೈಲಾದವರು ಕೈಲಾದಷ್ಟು ಹಾಕಬೇಕು, ಆಗದವರು ಸುಮ್ಮನೆ ಒಳಗೆ ಹೋಗಬೇಕು.

ಈ ಹುಂಡಿಯ ಲೆಕ್ಕಾಚಾರವೇ ಬೆಂಗಳೂರು ಕ್ವಿಯರ್ ಫಿಲ್ಮ್ ಫೆಸ್ಟಿವಲ್‌ನ ಗುಣ. ದೊಡ್ಡ ಪ್ರಾಯೋಜಕರ ಹಂಗಿಲ್ಲದೆ ಸಮುದಾಯದವರೇ ದುಡ್ಡು ಕೂಡಿಸಿ, ಸ್ವಯಂಸೇವಕರೇ ಚಿತ್ರ ಆರಿಸಿ ನಡೆಸಿಕೊಂಡು ಬಂದ ಹಬ್ಬ ಇದು. ಜಾಗ ಕೊಟ್ಟವು ಅಲಿಯಾನ್ಸ್, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಂಥ ಸಾಂಸ್ಕೃತಿಕ ಕೇಂದ್ರಗಳು. 1994ರಲ್ಲಿ ಶುರುವಾಗಿ ವಾರವಾರ ಸೇರುತ್ತಿದ್ದ ‘ಗುಡ್ ಆ್ಯಸ್ ಯೂ’, 1999ರ ‘ಸ್ವಭಾವ’ ಟ್ರಸ್ಟ್ ಮುಂತಾದ ಗುಂಪುಗಳು ಬೆನ್ನಿಗೆ ನಿಂತವು. ಹಬ್ಬ ಶುರುವಾದದ್ದು 2008–09ರ ಸುಮಾರಿಗೆ. ಆಗ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಂ ಗಟ್ಟಿಮುಟ್ಟಾಗಿತ್ತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ಹಲ್ಲನ್ನು ಮತ್ತೆ ಕೂರಿಸಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳು ಮತ್ತೆ ಕಿತ್ತರು. ಕೀಳುವುದು ಕೂರಿಸುವುದು ನಡೆಯುತ್ತಿದ್ದ ಕಾಲದಲ್ಲೂ ಪರದೆ ಮಾತ್ರ ಕಟ್ಟಿಕೊಂಡೇ ಇತ್ತು. ಸ್ಯಾನ್ ಫ್ರಾನ್ಸಿಸ್ಕೊದ ಫ್ರೇಮ್‌ಲೈನ್ 1977ರಷ್ಟು ಹಳೆಯದು, ಮುಂಬೈನ ಕಶಿಶ್ 2010ರದು. ಅವೆರಡರ ಝಗಮಗ ನಮ್ಮದಕ್ಕಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು ಎನ್ನುವವರಲ್ಲಿ ನಾನೂ ಒಬ್ಬ.

ಅಲ್ಲಿ ಸಿಕ್ಕವನು ಬಾಬುರಾಯನಕೊಪ್ಪಲಿನ ಹುಡುಗ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಗೆ ಮೈ ಚಾಚಿಕೊಂಡ ಊರು ಅದು. ಬಸ್ಸಿನ ಕಿಟಕಿಯಿಂದ ಬೋರ್ಡು ಓದಿದವರು ಸಾವಿರಾರು, ಇಳಿದವರು ಕಡಿಮೆ. ಹುಡುಗನ ಕೆಲಸ, ಮನೆತನ ಇಲ್ಲಿ ಬರೆಯುವುದಿಲ್ಲ. ಕೊಪ್ಪಲಿನಲ್ಲಿ ಅಷ್ಟು ಸುಳಿವು ಸಿಕ್ಕರೆ ಸಾಕು, ಸಂಜೆಯೊಳಗೆ ಹೆಸರು ಹೊರಗೆ ಬರುತ್ತದೆ. ಸ್ಪ್ಯಾನಿಷ್ ಮಾತಿನ ಚಿತ್ರವೊಂದು ಮುಗಿದು ದೀಪ ಹತ್ತಿದಾಗ, ಮಾತಿನ ವರಸೆ ಹಿಡಿದು ‘ಯಾವ ಕಡೆಯವನಪ್ಪಾ’ ಎಂದೆ. ನಮ್ಮ ಸೀಮೆಯವನೇ ಎಂದು ಗೊತ್ತಾದ ಮೇಲೆ ಅವನ ನಾಲಿಗೆ ಸಡಿಲಾಯಿತು. ಚಿತ್ರ ಹೇಗಿತ್ತು ಎಂದರೆ ಹೇಳಿದ್ದು ಇಷ್ಟು: ‘ಓದ್ತಾ ಕೂತ್ರೆ ಮಕ ನೋಡಕಾಗಕಿಲ್ಲ ಕನಣ್ಣ, ಮಕ ನೋಡ್ತಾ ಕೂತ್ರೆ ಓದಕಾಗಕಿಲ್ಲ.’

ಹುಂಡಿಯ ಪಕ್ಕ ಟಿಕೆಟ್ ಇಲ್ಲ ಎಂದು ಹೇಳಿದೆನಲ್ಲ, ಟಿಕೆಟ್ ಇತ್ತು. ಪರದೆಯ ಕೆಳಗೆ ಬಿಳಿ ಅಕ್ಷರದಲ್ಲಿ ಓಡುತ್ತಿದ್ದ ಇಂಗ್ಲಿಷೇ ಆ ಟಿಕೆಟ್. ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದವನು ಇಂಗ್ಲಿಷ್ ಓದಬಲ್ಲ. ಆದರೆ ಎರಡು ಸೆಕೆಂಡಿನಲ್ಲಿ ಓದಿ, ಅರ್ಥ ಮಾಡಿಕೊಂಡು, ಮತ್ತೆ ನಟಿಯ ಕಣ್ಣಿಗೆ ಮರಳಬೇಕು ಎಂದರೆ ಅದು ಬೇರೆಯದೇ ಕಸರತ್ತು. ಮೆಟ್ಟಿಲ ಮೇಲೆ ಬಿಸ್ಕತ್ತು ತಿನ್ನುತ್ತಿದ್ದ ಗುಂಪಿನಲ್ಲೂ ಹಲವರು ಒಂದು ಚಿತ್ರ ಮುಗಿಯುವ ಮುಂಚೆಯೇ ಹೊರಗೆ ಬಂದು ಕೂತಿದ್ದರು. ಒಳಗೆ ಅವರ ಬದುಕಿನದ್ದೇ ಕಥೆ ನಡೆಯುತ್ತಿತ್ತು.

ಈ ವಿಚಾರದಲ್ಲಿ ಮಂಡ್ಯ ಜಿಲ್ಲೆಗೆ ಒಂದು ಬಾಕಿ ಬರಬೇಕಾಗಿದೆ ಎಂಬುದು ನನ್ನ ವಾದ. 2015ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ರಾಮ್ ರೆಡ್ಡಿಯವರ ‘ತಿಥಿ’ ‘ಫಿಲ್ಮ್‌ಮೇಕರ್ಸ್ ಆಫ್ ದ ಪ್ರೆಸೆಂಟ್’ ವಿಭಾಗದ ಗೋಲ್ಡನ್ ಲೆಪರ್ಡ್ ಗೆದ್ದಿತು. ಮಂಡ್ಯದ ನೊದೆಕೊಪ್ಪಲಿನಲ್ಲಿ, ಊರವರನ್ನೇ ನಟರನ್ನಾಗಿ ನಿಲ್ಲಿಸಿ ತೆಗೆದ ಚಿತ್ರ. ಸೆಂಚುರಿ ಗೌಡನ ಬೈಗುಳ, ಗಡ್ಡಪ್ಪನ ಮೌನ, ಬ್ರಾಂದಿ ಬಾಟಲಿ, ಹನ್ನೊಂದನೇ ದಿನದ ಬಾಡೂಟ ಎಲ್ಲವನ್ನೂ ಯುರೋಪಿನವರು ತಮಗೆ ತಿಳಿಯುವ ಅಕ್ಷರದಲ್ಲಿ ಓದಿಕೊಂಡು ನಕ್ಕರು. ಮಂಡ್ಯದ ಆಡುಮಾತನ್ನು ಅಲ್ಲಿಗೆ ದಾಟಿಸಲು ಯಾರೋ ಕೂತು ಸಾಲು ಸಾಲಾಗಿ ಕೆಲಸ ಮಾಡಿದ್ದರು. ಅಲ್ಲಿಂದ ಇಲ್ಲಿಗೆ ಬರುವಾಗ ಮಾತ್ರ ಆ ಕೆಲಸ ಬೆಂಗಳೂರಿನ ಇಂಗ್ಲಿಷಿನಲ್ಲಿ ನಿಂತುಬಿಡುತ್ತದೆ. ಬೆಂಗಳೂರಿನಿಂದ ಬಾಬುರಾಯನಕೊಪ್ಪಲಿಗೆ ಇನ್ನು ಸುಮಾರು 120 ಕಿಲೋಮೀಟರು.

ಹೊರದೇಶದ ಚಿತ್ರ ಕನ್ನಡ ಅಕ್ಷರದಲ್ಲಿ ಅಲ್ಲಿಯವರೆಗೂ ಬಂದರೆ ಏನು ಕಾಣುತ್ತದೆ? ಕೀನ್ಯಾದ ‘ರಫೀಕಿ’ಯನ್ನೇ ತೆಗೆದುಕೊಳ್ಳಿ. ವನೂರಿ ಕಾಹಿಯು ನಿರ್ದೇಶಿಸಿದ, 2018ರಲ್ಲಿ ಕಾನ್ ಉತ್ಸವಕ್ಕೆ ಹೋದ ಮೊದಲ ಕೀನ್ಯಾ ಚಿತ್ರ. ಗುಲಾಬಿ, ನೇರಳೆ, ನಿಂಬೆಹಳದಿ ಬಣ್ಣಗಳಲ್ಲಿ ಅದ್ದಿ ತೆಗೆದಂಥ ನೈರೋಬಿಯ ಒಂದು ಬಡಾವಣೆ. ಕೇನಾ ಎಂಬ ಹುಡುಗಿ ಸ್ಕೇಟ್‌ಬೋರ್ಡ್ ಮೇಲೆ ಬೀದಿ ಸುತ್ತುತ್ತಾಳೆ, ಗಂಡು ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಾಳೆ. ಅವಳಪ್ಪನದು ಒಂದು ಚಿಲ್ಲರೆ ಅಂಗಡಿ. ಅಪ್ಪ ಸ್ಥಳೀಯ ಚುನಾವಣೆಗೆ ನಿಂತಿದ್ದಾನೆ, ಗೋಡೆಗೋಡೆಗೆ ಅವನ ಪೋಸ್ಟರು. ಎದುರಾಳಿ ಕೈ ದೊಡ್ಡದಿರುವ ಕುಳ. ಆ ಎದುರಾಳಿಯ ಮಗಳೇ ಝೀಕಿ, ಬಣ್ಣಬಣ್ಣದ ಜಡೆ ಹೆಣೆದುಕೊಂಡವಳು. ಈ ಇಬ್ಬರೂ ಒಬ್ಬರಿಗೊಬ್ಬರು ಮನಸೋಲುತ್ತಾರೆ. ಊಟದ ಗೂಡಂಗಡಿ ಇಟ್ಟ ಮಾಮಾ ಆಟಿಮ್ ಎಂಬ ಹೆಂಗಸಿನ ಕಣ್ಣು ಇವರ ಮೇಲೇ. ಚಹಾ ಸುರಿಯುತ್ತಲೇ ಇಡೀ ಬಡಾವಣೆಯ ಸುದ್ದಿ ಅಳೆಯುವವಳು.

ಮಂಡ್ಯದವರಿಗೆ ಇದನ್ನು ವಿವರಿಸಬೇಕೆ? ಪಂಚಾಯಿತಿ ಎಲೆಕ್ಷನ್ ಬಂತೆಂದರೆ ಅಣ್ಣತಮ್ಮಂದಿರ ಮನೆಯ ನಡುವೆಯೇ ಬೇಲಿ ಬೀಳುವ ಸೀಮೆ ಇದು. ಎರಡು ಪಾರ್ಟಿಯ ಹೆಣ್ಣುಮಕ್ಕಳು ಒಟ್ಟಿಗೆ ಓಡಾಡಿದರೆ ಮೊದಲ ಅನುಮಾನ ಪ್ರೀತಿಯದ್ದಲ್ಲ, ಓಟು ಒಡೆಯುವುದರದ್ದು. ‘ರಫೀಕಿ’ಯ ಜಾಣತನವೂ ಅಲ್ಲೇ ಇದೆ. ಆ ಹುಡುಗಿಯರಿಗೆ ಅಡ್ಡ ಬರುವುದು ಬರಿಯ ಧರ್ಮ, ಬರಿಯ ಕಾನೂನು ಅಲ್ಲ. ಪೋಸ್ಟರು, ಗೂಡಂಗಡಿ, ಚರ್ಚಿನ ಪಾದ್ರಿಯ ಪ್ರವಚನ, ಅಪ್ಪನ ಮಾನ ಎಲ್ಲ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿವೆ. ಹಳೆಯದೊಂದು ವ್ಯಾನು ಕೆಟ್ಟು ನಿಂತಿದೆ, ಅದೊಂದೇ ಅವರಿಬ್ಬರಿಗೆ ಸಿಕ್ಕ ಮನೆ. ಗುಟ್ಟು ಒಡೆದ ಮೇಲೆ ಗುಂಪು ಬಂದು ಬಡಿಯುತ್ತದೆ. ಪೊಲೀಸ್ ಠಾಣೆಗೆ ಇಬ್ಬರ ಅಪ್ಪಂದಿರೂ ಬರುತ್ತಾರೆ. ಅಲ್ಲಿ ಆ ಗಂಡಸರ ಮುಖದಲ್ಲಿ ಓಟಿನ ಲೆಕ್ಕ, ಮಗಳ ಗಾಯ ಎರಡೂ ಒಟ್ಟಿಗೆ ಕಾಣುತ್ತವೆ. ಅಕ್ಷರ ಓದುತ್ತಾ ಕೂತವನಿಗೆ ತಪ್ಪಿಹೋಗುವುದು ಇಂಥ ಮುಖಗಳೇ.

ಕೀನ್ಯಾ ಸರ್ಕಾರದ ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ನಿರ್ದೇಶಕಿ ಕೋರ್ಟಿಗೆ ಹೋದರು. ಸ್ವದೇಶದಲ್ಲಿ ಬಿಡುಗಡೆಯಾಗದ ಚಿತ್ರವನ್ನು ಆಸ್ಕರ್‌ಗೆ ಕಳಿಸುವಂತಿಲ್ಲ ಎಂಬ ನಿಯಮ ಅವರ ನೆರವಿಗೆ ಬಂತು. 2018ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಏಳು ದಿನದ ಮಟ್ಟಿಗೆ ನಿಷೇಧ ಸಡಿಲಿಸಿತು. ಆಗ ನೈರೋಬಿಯಲ್ಲಿ ಜನ ಮುಗಿಬಿದ್ದು ನೋಡಿದರು. ನಮ್ಮಲ್ಲಿ 377 ಬಿದ್ದ ತಿಂಗಳೂ ಅದೇ ಸೆಪ್ಟೆಂಬರು.

ಚಿಲಿ ದೇಶದ ‘ಎ ಫೆಂಟಾಸ್ಟಿಕ್ ವುಮನ್’ 2018ರಲ್ಲಿ ಆಸ್ಕರ್ ಪಡೆಯಿತು. ಟ್ರಾನ್ಸ್ ನಟಿ ಡೇನಿಯೆಲಾ ವೇಗಾ ಅದರ ಜೀವ. ಚಿತ್ರದಲ್ಲಿ ನಾಯಕಿಯ ಜೊತೆಗಿದ್ದವನು ಸತ್ತಾಗ ಅವನ ಮನೆಯವರು ಅವಳನ್ನು ಹೆಣದ ಹತ್ತಿರ ಬಿಡುವುದಿಲ್ಲ. ಸಾವಿನ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದರಲ್ಲಿ ನಮ್ಮವರಿಗಿಂತ ದೊಡ್ಡ ಪಂಡಿತರು ಯಾರಿದ್ದಾರೆ? ಮರಾಠಿಯ ‘ಸಾಬರ್ ಬೊಂಡ’ ಇನ್ನೂ ಹತ್ತಿರದ್ದು. ರೋಹನ್ ಕಾನವಡೆಯವರ ಈ ಚಿತ್ರಕ್ಕೆ 2025ರ ಸನ್‌ಡಾನ್ಸ್ ಉತ್ಸವದಲ್ಲಿ ವಿಶ್ವ ಸಿನಿಮಾ ವಿಭಾಗದ ದೊಡ್ಡ ಬಹುಮಾನ ಬಂತು. ಅಪ್ಪ ತೀರಿಕೊಂಡು ಮುಂಬೈಯಿಂದ ಊರಿಗೆ ಬಂದ ಮಗ, ಸೂತಕದ ಹತ್ತು ದಿನ, ‘ಇನ್ನಾದರೂ ಮದುವೆ ಆಗು’ ಎನ್ನುವ ನೆಂಟರು, ಹೊಲದಲ್ಲಿ ಮತ್ತೆ ಸಿಕ್ಕ ಹಳೆಯ ಗೆಳೆಯ. ಇದನ್ನೂ ‘ತಿಥಿ’ಯನ್ನೂ ಒಂದೇ ರಾತ್ರಿ ಬೆನ್ನಿಗೆ ಬೆನ್ನು ತೋರಿಸಬೇಕು. ಮೊದಲನೆಯದರಲ್ಲಿ ಸಾವು ಒಬ್ಬನಿಗೆ ಉಸಿರಾಡಲು ಹತ್ತು ದಿನ ಕೊಡುತ್ತದೆ, ಎರಡನೆಯದರಲ್ಲಿ ಮೂರು ತಲೆಮಾರಿನ ಗಂಡಸರನ್ನು ಒಂದೊಂದು ದಿಕ್ಕಿಗೆ ಅಟ್ಟುತ್ತದೆ.

ಹಳ್ಳಿಯವರಿಗೆ ಇದೆಲ್ಲ ಜೀರ್ಣವಾಗುವುದಿಲ್ಲ ಎಂದು ಹೇಳುವವರಿಗೆ ಮಂಡ್ಯ ಸೀಮೆಯ ಪೌರಾಣಿಕ ನಾಟಕ ನೋಡಿ ಗೊತ್ತಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ದುಡ್ಡು ಕಟ್ಟಿ ಪಾತ್ರ ಹಿಡಿದು, ತಿಂಗಳುಗಟ್ಟಲೆ ಕಲಿತು ‘ಕುರುಕ್ಷೇತ್ರ’ ಆಡದ ಊರು ಇಲ್ಲಿ ಕಡಿಮೆ. ಈಗೀಗ ದ್ರೌಪದಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಹಿಂದೆ ಊರ ಗಂಡಸೇ ಸೀರೆ ಉಟ್ಟು ಬಳೆ ತೊಡುತ್ತಿದ್ದ, ಅವನ ನಡಿಗೆಗೆ ಗಂಡಸರು ಶಿಳ್ಳೆ ಹೊಡೆಯುತ್ತಿದ್ದರು, ಹೆಂಗಸರು ಇನ್ನೊಂದು ವರ್ಷ ಅವನ ಸೀರೆಯ ನೆರಿಗೆ ನೆನೆಯುತ್ತಿದ್ದರು. ಊರು ಕೊಟ್ಟ ಆ ಪರವಾನಗಿ ಬೆಳಗಿನ ಜಾವದವರೆಗೆ ಮಾತ್ರ. ಬಣ್ಣ ತೊಳೆದು ಗದ್ದೆಗೆ ನೀರು ಕಟ್ಟಲು ಹೋದರೆ ಅವನು ಕಲಾವಿದ. ಸೀರೆ ಬಿಚ್ಚಲು ಮನಸ್ಸಾಗದೆ ಉಳಿದವನ ಕಥೆಯನ್ನು ಬಿ.ಎಸ್. ಲಿಂಗದೇವರು 2015ರಲ್ಲಿ ‘ನಾನು ಅವನಲ್ಲ... ಅವಳು’ ಚಿತ್ರದಲ್ಲಿ ಹೇಳಿದರು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಅದರ ಮೂಲ. ಮಾದೇಶ ವಿದ್ಯಾ ಆಗುವ ಪಾತ್ರಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಚಿತ್ರವನ್ನು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ನೋಡಿದ ಹಳ್ಳಿಯವರು ಎಷ್ಟೋ ಮಂದಿ. 2021ರ ಜೂನ್‌ನಲ್ಲಿ ವಿಜಯ್ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಾಗಿ ಅತ್ತವರಲ್ಲಿ ಮಂಗಳಮುಖಿಯರೂ ಇದ್ದರು, ಆ ಪಾತ್ರವನ್ನು ಅಪ್ಪನ ಜೊತೆ ಕೂತು ನೋಡಿದ್ದ ಮಕ್ಕಳೂ ಇದ್ದರು. ಕನ್ನಡದಲ್ಲಿದ್ದುದರಿಂದ ಅವರೆಲ್ಲ ಮುಖ ನೋಡಲು ಸಾಧ್ಯವಾಯಿತು.

ಹಾಗಾದರೆ ಹೊರದೇಶದ ಚಿತ್ರಕ್ಕೆ ಕನ್ನಡ ಅಕ್ಷರ ಕೂರಿಸುವುದು ಎಷ್ಟು ಕಷ್ಟ? ಯಂತ್ರದ ಕೆಲಸ ಏನೂ ಇಲ್ಲ. ಸಬ್‌ಟೈಟಲ್ ಕಡತವೆಂದರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದಾದ ಬರಿಯ ಪಠ್ಯ. ಮೊದಲು ಸಾಲಿನ ಕ್ರಮಸಂಖ್ಯೆ. ಅದರ ಕೆಳಗೆ ಅಕ್ಷರ ಮೂಡಬೇಕಾದ ಹೊತ್ತು, ಒಂದು ಬಾಣದ ಗುರುತು, ಅಳಿಯಬೇಕಾದ ಹೊತ್ತು. ಗಂಟೆ, ನಿಮಿಷ, ಸೆಕೆಂಡು, ಸೆಕೆಂಡಿನ ಸಾವಿರದ ಒಂದಂಶದವರೆಗೆ. ಅದರ ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು. ಇಂಗ್ಲಿಷಿನ ಮಾತು ಅಳಿಸಿ ಯೂನಿಕೋಡ್ ಕನ್ನಡ ತುಂಬಿದರೆ ಮುಗಿಯಿತು, ಹೊತ್ತು ಬದಲಾಗುವುದಿಲ್ಲ. ತೊಡಕು ಇರುವುದು ಬೇರೆ ಕಡೆ. ಹಳೆಯ ಪ್ಲೇಯರುಗಳು ನಮ್ಮ ಒತ್ತಕ್ಷರವನ್ನು ಒಡೆದು ಪಕ್ಕಕ್ಕೆ ಚೆಲ್ಲುತ್ತವೆ. ಒತ್ತು ಕೆಳಗಿಳಿಯುವುದರಿಂದ ಎರಡು ಸಾಲಿನ ನಡುವೆ ಜಾಗ ಹೆಚ್ಚು ಬೇಕು. ಪರದೆಯ ಅಗಲಕ್ಕೆ ಸಾಲು ಹಿಡಿಸಬೇಕಾದರೆ ಗ್ರಂಥದ ಕನ್ನಡ ನಡೆಯುವುದಿಲ್ಲ, ‘ಹೋಗಬೇಕಾಗಿರುತ್ತದೆ’ ಅನ್ನುವ ಹೊತ್ತಿಗೆ ಪಾತ್ರವೇ ಹೊರಟುಹೋಗಿರುತ್ತದೆ. ‘ಹೋಗ್ಬೇಕು’ ಎನ್ನುವ ಆಡುಮಾತೇ ಗತಿ. ಮಾಮಾ ಆಟಿಮ್‌ಗೆ ನಾನಾದರೆ ಶ್ರೀರಂಗಪಟ್ಟಣ ಬಸ್ ಸ್ಟ್ಯಾಂಡಿನ ಕನ್ನಡ ಕೊಡುತ್ತೇನೆ. ಪಾದ್ರಿಗೆ ಮಾತ್ರ ಗ್ರಂಥದ ಕನ್ನಡ, ಅವನ ಬಾಯಿಗೆ ಅದು ಒಪ್ಪುತ್ತದೆ.

ಹಕ್ಕುದಾರರ ಒಪ್ಪಿಗೆ ಬೇಕು, ಸಾರ್ವಜನಿಕ ಪ್ರದರ್ಶನಕ್ಕೆ ಕಾಯಿದೆಯ ಅನುಮತಿ ಬೇಕು. ಇದನ್ನೆಲ್ಲ ಚಿತ್ರೋತ್ಸವದವರು ವರ್ಷವರ್ಷವೂ ಮಾಡಿ ಕೈ ಪಳಗಿದವರು. ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದೆ. ಬಿಳಿ ಪರದೆಗೆ ನಾಟಕದ ಸೀನರಿಯವರನ್ನು ಕೇಳಿದರಾಯಿತು. ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಊರಿನಲ್ಲಿ ತೋರಿಸುವ ಮಾತು ಬಂದೊಡನೆ ಬೆಚ್ಚಿದ. ತನ್ನ ಹೆಸರು ಎಲ್ಲೂ ಬರಬಾರದು, ತಾನು ಆ ದಿನ ಊರಲ್ಲೇ ಇರುವುದಿಲ್ಲ ಎಂದ. ಆಮೇಲೆ ಮೊಬೈಲ್ ತೆಗೆದು, ಕನ್ನಡ ಕೀಬೋರ್ಡಿನಲ್ಲಿ ತಾನು ಎಷ್ಟು ಬೇಗ ಟೈಪು ಮಾಡುತ್ತೇನೆಂದು ತೋರಿಸಿದ. ‘ರಫೀಕಿ’ಯ ಕಥೆಯನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡ. ಮೊದಲ ಸಲ ಆ ಹುಡುಗಿಯರು ಕೊನೆಗೆ ಸೇರಿದರೋ ಇಲ್ಲವೋ ಎಂದು ಕೇಳಿದ್ದ. ಎರಡನೇ ಸಲ ತನ್ನಪ್ಪ ನೋಡಿದರೆ ಏನು ಕೇಳುತ್ತಾನೆ ಎಂದು ಯೋಚಿಸಿ, ನಗುತ್ತಾ ಹೇಳಿದ:

‘ನಮ್ಮಪ್ಪ ಅದೆಲ್ಲ ಬುಟ್ಟು, ಎಲೆಕ್ಷನ್ನು ಯಾರು ಗೆದ್ರು ಅಂತ ಕೇಳ್ತದೆ ಕನಣ್ಣ.’